ಸ್ಪಿಂಕನ ಸಂಯಮದ ಶನಿವಾರ

ಎಲ್ಲದಕ್ಕೂ ಮೂಲ ಒಂದು ಪೊಟ್ಟಣ ಈರುಳ್ಳಿ ಚಿಪ್ಸು.

ಬೆಕ್ಸ್‌ಬಿ ಎಂಬ ಸಣ್ಣ ಊರಿನ ಪಬ್ಬಿನ ಹೆಸರು ಕುಂಟ ಹೆಬ್ಬಾತು. ಅದರ ಕೌಂಟರಿನ ಮುಂದೆ ಸಾಲು ಎಂಬುದು ಕಣ್ಣಿಗೆ ಕಾಣುವುದಿಲ್ಲ. ಆದರೆ ಯಾರಾದ ಮೇಲೆ ಯಾರು ಎಂಬುದು ಅಲ್ಲಿ ನಿಂತ ಪ್ರತಿಯೊಬ್ಬರಿಗೂ ತಮ್ಮ ಹುಟ್ಟುಹಬ್ಬದಷ್ಟೇ ಖಚಿತವಾಗಿ ಗೊತ್ತಿರುತ್ತದೆ. ಯಾರಾದರೂ ಸರದಿ ತಪ್ಪಿಸಿದರೆ ಉಳಿದವರು ಚಾವಣಿ ನೋಡುತ್ತಾರೆ. ತೀರಾ ಅನ್ಯಾಯವೆನಿಸಿದರೆ ಒಮ್ಮೆ ಕೆಮ್ಮುತ್ತಾರೆ. ಅದಕ್ಕಿಂತ ಮುಂದೆ ಹೋದವರು ಊರಿನ ಇತಿಹಾಸದಲ್ಲಿ ಇರಲಿಲ್ಲ, ಕ್ಲಿಫರ್ಡ್ ಸ್ಪಿಂಕನ ಹೊರತು.

ಸ್ಪಿಂಕ್ ಬೂಟು ರಿಪೇರಿ ಮಾಡುವವನು, ಜೊತೆಗೆ ಬೀಗದ ಕೈಗಳನ್ನೂ ಕೊರೆದು ಕೊಡುವವನು. ಆ ದಿನ ಮಿಸೆಸ್ ಪಿಕರ್ಸ್‌ಗಿಲ್ ಅವನ ಸರದಿಯಲ್ಲಿ ಕೈ ಚಾಚಿ ಚಿಪ್ಸಿನ ಪೊಟ್ಟಣ ತೆಗೆದುಕೊಂಡಾಗ ಅವನು ಚಾವಣಿ ನೋಡಲಿಲ್ಲ, ಕೆಮ್ಮಲೂ ಇಲ್ಲ. "ನಾನೇನು ಇಲ್ಲಿ ಗೂಟಕ್ಕೆ ನೇತುಹಾಕಿದ ಕೋಟಾ?" ಎಂದು ಕೂಗಿದ. ಗೋಡೆಯ ಮೇಲಿನ ಮಗ್ಗುಗಳು ನಡುಗಿದವು. ಒಲೆಯ ಮುಂದೆ ಮಲಗಿದ್ದ ಮುದಿ ನಾಯಿ ಎದ್ದು ಹೊರಗೆ ಹೋಯಿತು.

ಪಬ್ಬಿನ ಒಡತಿ ಡೋರೀನ್ ಟ್ಯೂಕ್ ಅವತ್ತೇ ಅವನನ್ನು ಹೊರಗೆ ಹಾಕಿದಳು. ಅದು ಮೊದಲ ಸಲವೇನಲ್ಲ. ಆದರೆ ಈ ಸಲ ಅವಳು ಖಾಯಂ ಗಿರಾಕಿಗಳ ಮಗ್ಗು ತೂಗುವ ಗೂಟದಿಂದ ಅವನ ತವರದ ಮಗ್ಗನ್ನೂ ಕೆಳಗಿಳಿಸಿದಳು. ಅದು ಅವನ ಅಪ್ಪನ ಮಗ್ಗು. ಅದರ ಕೆಳಗೆ, ಒಲೆಯ ಪಕ್ಕದಲ್ಲಿ, ಮೂರು ಕಾಲಿನ ಒಂದು ಸ್ಟೂಲು. ಅದರ ಮೇಲೆ ಅಪ್ಪ ಕೂತು ಕೂತು ಮಾಡಿದ ತಗ್ಗಿನಲ್ಲೇ ಸ್ಪಿಂಕನೂ ಕೂರುತ್ತಿದ್ದ. ಆ ತಗ್ಗು ತಪ್ಪಿದ ಮೇಲೆ ಅವನಿಗೆ ಎಲ್ಲಿ ಕೂತರೂ ಕೂತ ಹಾಗೆ ಆಗುತ್ತಿರಲಿಲ್ಲ. ಸಂಜೆ ಮನೆಯಲ್ಲಿ ಈ ಕುರ್ಚಿಯಿಂದ ಆ ಕುರ್ಚಿಗೆ ಹೋಗುತ್ತಿದ್ದ, ಮೊಟ್ಟೆ ಇಡಲು ಜಾಗ ಹುಡುಕುವ ಕೋಳಿಯ ಹಾಗೆ.

ಕೆಲವು ವಾರಗಳಾದ ಮೇಲೆ ಡೋರೀನಳೇ ಅಂಗಡಿಗೆ ಬಂದಳು. ಒಂದು ಷರತ್ತು ಹಾಕಿದಳು. ಬರುವ ಶನಿವಾರ ಬೆಳಗಿನಿಂದ ಸಂಜೆ ಪಬ್ಬಿನಲ್ಲಿ ಕ್ವಿಜ್ ಶುರುವಾಗುವ ಗಂಟೆ ಹೊಡೆಯುವ ತನಕ ಸ್ಪಿಂಕ್ ಒಂದು ಮಾತನ್ನೂ ಎತ್ತರದ ದನಿಯಲ್ಲಿ ಆಡಕೂಡದು. ಆಡದಿದ್ದರೆ ಮಗ್ಗು ಮತ್ತೆ ಗೂಟಕ್ಕೆ, ಸ್ಪಿಂಕ್ ಮತ್ತೆ ಸ್ಟೂಲಿಗೆ. ಆಡಿದರೆ ಆ ಬಾಗಿಲನ್ನು ಮರೆತುಬಿಡಬಹುದು.

"ನಿನಗೆ ಬೇಕಾಗಿರೋದು ಒಂದೇ ಕ್ಲಿಫ್, ಸಂಯಮ," ಎಂದಳು ಹೋಗುವಾಗ.

ಸಂಯಮ ಎಂಬ ಈ ಪದವನ್ನು ಬೆಕ್ಸ್‌ಬಿಯಲ್ಲಿ ದಿನಕ್ಕೆ ಹತ್ತಾರು ಸಲ ಕೇಳಬಹುದು. ಆದರೆ ಯಾರೂ ಅದನ್ನು ತಮ್ಮ ಬಗ್ಗೆ ಬಳಸುವುದಿಲ್ಲ. ಅದು ಯಾವಾಗಲೂ ಪಕ್ಕದ ಮನೆಯವರಿಗೆ ಬೇಕಾಗಿರುವ ವಸ್ತು.

ಶನಿವಾರ ಬೆಳಗಾಯಿತು. ತುಂತುರು ಮಳೆ. ಸ್ಪಿಂಕ್ ಕನ್ನಡಿಯ ಮುಂದೆ ನಿಂತು ತುಟಿಗಳನ್ನು ಒಂದರ ಮೇಲೊಂದು ಇಟ್ಟು ನೋಡಿಕೊಂಡ. ಒಳ್ಳೆಯ ಹೊಲಿಗೆ ಎನಿಸಿತು. ಕೆಳಗಿಳಿದು ಬಂದರೆ ಹೆಂಡತಿ ಮುರಿಯಲ್ ತಿಂಡಿಗೆ ಮೊಟ್ಟೆ ಇಟ್ಟಿದ್ದಳು. ಅವನಿಗೆ ಬೇಯಿಸಿದ ಮೊಟ್ಟೆಯ ಒಳಗೆ ಹಳದಿ ಹರಿಯುತ್ತಿರಬೇಕು, ಅದರಲ್ಲಿ ಟೋಸ್ಟಿನ ಉದ್ದ ತುಂಡು ಅದ್ದಿ ತಿನ್ನಬೇಕು. ಮದುವೆಯಾದಾಗಿನಿಂದ ಅವಳು ಒಂದು ದಿನವೂ ತಪ್ಪಿದವಳಲ್ಲ. ಇವತ್ತು ಟೋಸ್ಟು ಇಳಿಸಿದರೆ ಅದು ಗೋಡೆಗೆ ಗುದ್ದಿದ ಹಾಗೆ ಬಾಗಿತು. ಮೊಟ್ಟೆ ಒಳಗೆ ಸೀಮೆಸುಣ್ಣ.

ಸ್ಪಿಂಕನ ಕಿವಿಯ ಬುಡ ಕೆಂಪಾಯಿತು. ಮುರಿಯಲ್ ಟೀ ಕಪ್ಪಿನ ಮೇಲಿಂದ ಅವನನ್ನೇ ನೋಡುತ್ತಿದ್ದಳು.

"ಹೇಗಿದೆ?" ಎಂದಳು.

"ಬಹಳ ಚೆನ್ನಾಗಿದೆ," ಎಂದ ಸ್ಪಿಂಕ್. ಮೊಟ್ಟೆಯನ್ನು ಬ್ರೆಡ್ಡಿನ ಹಾಗೆ ಅಗಿದು ನುಂಗಿದ. ಮುರಿಯಲ್ ನಿಟ್ಟುಸಿರು ಬಿಟ್ಟಳು. ಅದು ಮೆಚ್ಚುಗೆಯ ನಿಟ್ಟುಸಿರು ಎಂದುಕೊಂಡ.

ಅಂಗಡಿಯ ಬಾಗಿಲು ತೆಗೆದು ಇನ್ನೂ ಏಪ್ರನ್ ಕಟ್ಟಿರಲಿಲ್ಲ, ಮೊಫಟ್ ಮೇಷ್ಟ್ರು ಒಳಗೆ ಬಂದರು. ಮೊಫಟ್ ಅವನ ಪಕ್ಕದ ಮನೆಯವರು. ಶಾಲೆಯಿಂದ ನಿವೃತ್ತರಾಗಿದ್ದರು, ಪಾಠದಿಂದ ಆಗಿರಲಿಲ್ಲ. ಕಳೆದ ವಾರ ರಿಪೇರಿ ಮಾಡಿಸಿಕೊಂಡು ಹೋದ ಬೂಟುಗಳನ್ನು ಕೌಂಟರಿನ ಮೇಲಿಟ್ಟು, ಹೊಲಿಗೆಯಲ್ಲಿ ದೋಷವಿಲ್ಲ, ಆದರೆ ಎಡಗಾಲಿನದು ಒಂದು ಸ್ವರದಲ್ಲಿ ಕಿರುಗುಟ್ಟುತ್ತದೆ, ಬಲಗಾಲಿನದು ಇನ್ನೊಂದು ಸ್ವರದಲ್ಲಿ, ಎರಡೂ ಹೊಂದುವುದಿಲ್ಲ ಎಂದರು. ನಡೆದೂ ತೋರಿಸಿದರು. ಅಂಗಡಿಯ ಉದ್ದಕ್ಕೂ ಅವರು ಹೋಗಿ ಬಂದದ್ದು ಎರಡು ಇಲಿಗಳು ಜಗಳವಾಡುತ್ತ ನಡೆದಂತೆ ಕೇಳಿಸಿತು.

ಸ್ಪಿಂಕ್ ನಾಲಿಗೆಯನ್ನು ಹಲ್ಲುಗಳ ನಡುವೆ ಹಿಡಿದುಕೊಂಡು ಬೂಟು ತೆಗೆದುಕೊಂಡ. ಅವನು ಕೆಲಸ ಮಾಡುತ್ತಿದ್ದಷ್ಟು ಹೊತ್ತೂ ಮೊಫಟ್ ಬೀಗದ ಕೈ ಕೊರೆಯುವ ಯಂತ್ರಕ್ಕೆ ಒರಗಿ ನಿಂತು ಸಂಯಮ ಎಂಬ ಪದದ ಅರ್ಥ ಬಿಡಿಸಿ ಹೇಳಿದರು. ಮನಸ್ಸು ಕುದುರೆಯಂತೆ, ಲಗಾಮು ನಮ್ಮ ಕೈಯಲ್ಲಿರಬೇಕು ಎಂದರು. ನಿಘಂಟಿನಲ್ಲಿ ಅದಕ್ಕೆ ಏನು ಕೊಟ್ಟಿದ್ದಾರೆ, ಅವರು ಪಾಠ ಮಾಡುವಾಗ ಯಾವ ಉದಾಹರಣೆ ಕೊಡುತ್ತಿದ್ದರು, ಯಾವ ವಿದ್ಯಾರ್ಥಿ ಅದನ್ನು ಹೇಗೆ ತಪ್ಪಾಗಿ ಬಳಸಿದ, ಎಲ್ಲವನ್ನೂ ಹೇಳಿದರು. ನಡುನಡುವೆ ಯಂತ್ರದ ಹಿಡಿಯನ್ನು ಬೆರಳಿನಿಂದ ತಿರುಗಿಸುತ್ತಿದ್ದರು. ಡಾಕ್ಟರರ ಮನೆಗೆಂದು ಅದರಲ್ಲಿ ಸಿಕ್ಕಿಸಿಟ್ಟಿದ್ದ ಬೀಗದ ಕೈ, ಮೇಷ್ಟ್ರ ಉಪನ್ಯಾಸ ಮುಗಿಯುವ ಹೊತ್ತಿಗೆ ಹಲ್ಲು ಬಿದ್ದ ಬಾಚಣಿಗೆಯಾಗಿತ್ತು.

"ಕೋಪ ಬರ್ತಿದೆಯಾ ಸ್ಪಿಂಕ್?" ಎಂದು ಮೊಫಟ್ ಆಸೆಯಿಂದ ಕೇಳಿದರು.

"ಇಲ್ಲ ಮೇಷ್ಟ್ರೇ. ತುಂಬಾ ತಿಳಿದ ಹಾಗಾಯ್ತು."

ಮೊಫಟ್ ತಲೆ ತಗ್ಗಿಸಿ ಹೊರಟರು. ಸ್ಪಿಂಕ್ ಮತ್ತೊಂದು ಬೀಗದ ಕೈಯನ್ನು ಕೊರೆಯಲು ಕೂತ. ಈ ಜನ ತನ್ನನ್ನು ಪರೀಕ್ಷಿಸುತ್ತಿದ್ದಾರೆ ಎಂಬುದು ಅವನಿಗೆ ಹೊಳೆಯಿತು. ಡೋರೀನ್ ಸುಮ್ಮನೆ ಷರತ್ತು ಹಾಕುವ ಹೆಂಗಸಲ್ಲ, ಷರತ್ತಿನ ಹಿಂದೆ ಪರೀಕ್ಷಕರನ್ನೂ ಬಿಟ್ಟಿದ್ದಾಳೆ. ಇರಲಿ, ಎಂದುಕೊಂಡ. ಪರೀಕ್ಷೆ ಎಂದು ಗೊತ್ತಾದ ಮೇಲೆ ಬರೆಯುವುದು ಸುಲಭ. ಅವನಿಗೆ ಹುಮ್ಮಸ್ಸೇ ಬಂತು. ಯಂತ್ರ ತಿರುಗಿಸುತ್ತ ಸಣ್ಣಗೆ ಸಿಳ್ಳೆ ಹಾಕಿದ.

ಮಧ್ಯಾಹ್ನದ ಮುಂಚೆ ಒಂದು ಪಾರ್ಸಲ್ ಕಳಿಸಲು ಅಂಚೆ ಕಚೇರಿಗೆ ಹೋದ. ಸಾಲು ಬಾಗಿಲ ತನಕ ಇತ್ತು. ಸ್ಪಿಂಕ್ ತಾಳ್ಮೆಯಿಂದ ಒಂದೊಂದೇ ಹೆಜ್ಜೆ ಸರಿದು ಕಿಟಕಿಯ ಎದುರಿಗೆ ಬಂದು ಪಾರ್ಸಲ್ ಎತ್ತಿದ. ಆಗ ಮಿಸೆಸ್ ಪಿಕರ್ಸ್‌ಗಿಲ್ ಹೊರಗಿನಿಂದ ಬಂದಳು, ಕೊಡೆ ಮಡಚಿದಳು, ನೀರು ಅವನ ಪ್ಯಾಂಟಿನ ಮೇಲೆ ಕೊಡವಿದಳು, ಅವನ ಮುಂದೆ ಬಂದು ನಿಂತಳು.

ಅಂಚೆ ಕಚೇರಿಯಲ್ಲಿ ಉಸಿರು ನಿಂತಿತು. ಬೆಕ್ಸ್‌ಬಿಯ ಜನ ಕಳ್ಳತನವನ್ನು ಕ್ಷಮಿಸಿಯಾರು, ಇದನ್ನಲ್ಲ. ಹಿಂದಿದ್ದವರೆಲ್ಲ ಒಟ್ಟಿಗೆ ಚಾವಣಿ ನೋಡಿದರು. ಸ್ಪಿಂಕನ ಎದೆಯಲ್ಲಿ ಏನೋ ಏರಿತು, ಗಂಟಲಿಗೆ ಬಂತು, ನಾಲಿಗೆಯ ತುದಿಗೆ ಬಂದು ಕೂತಿತು. ಅವನು ಜೀವನದಲ್ಲಿ ಮೊದಲ ಸಲ ಕೆಮ್ಮಿದ. ಅಭ್ಯಾಸವಿರದ ಕಾರಣ ಅದು ಮೇಕೆಯ ಕೂಗಿನ ಹಾಗೆ ಹೊರಟಿತು.

ಅವಳು ತಿರುಗಿದಳು. ಮುಖದಲ್ಲಿ ಅಪಾರ ಕನಿಕರ.

"ಶೀತನಾ ಮಿಸ್ಟರ್ ಸ್ಪಿಂಕ್? ತಗೊಳ್ಳಿ, ಪೆಪ್ಪರ್‌ಮಿಂಟು." ಅವನ ಕೈಗೆ ಒಂದು ಬಿಳಿ ಗುಳಿಗೆ ಇಟ್ಟು, ಬಾಗಿಲ ಕಡೆ ನೋಡಿ ತನ್ನ ತಂಗಿಯನ್ನೂ ತಂಗಿಯ ಸ್ನೇಹಿತೆಯರನ್ನೂ ಕರೆದಳು. "ಬನ್ರೇ, ಇವರು ತುಂಬಾ ಒಳ್ಳೇವ್ರು. ಏನೂ ಅಂದ್ಕೊಳ್ಳಲ್ಲ."

ಅವರೂ ಮುಂದೆ ನಿಂತರು. ಒಬ್ಬಳು ಅರ್ಜೆಂಟೀನಾಕ್ಕೆ ಕಾಗದ ಕಳಿಸಲು ಎಷ್ಟು ತೂಕದವರೆಗೆ ಯಾವ ಸ್ಟ್ಯಾಂಪು ಎಂದು ಕೇಳಿದಳು. ಅವಳಿಗೆ ಅಲ್ಲಿ ಯಾರೂ ಇರಲಿಲ್ಲವಂತೆ, ಸುಮ್ಮನೆ ತಿಳಿದುಕೊಂಡಿರಲಿ ಎಂದು. ಸ್ಪಿಂಕ್ ಪೆಪ್ಪರ್‌ಮಿಂಟನ್ನು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದ. ಕಣ್ಣೊಳಗೆ ಸ್ಟೂಲು ಕಂಡಿತು. ಅದರ ತಗ್ಗು ಕಂಡಿತು. ಪಾರ್ಸಲ್ ಮಾತ್ರ ಕೈಯ ಒತ್ತಡಕ್ಕೆ ಒಂದು ಮೂಲೆಯಲ್ಲಿ ಕುಸಿದು ಹೋಗಿತ್ತು.

ಊಟಕ್ಕೆ ಮನೆಗೆ ಬಂದಾಗ ಅವನ ನಡಿಗೆಯಲ್ಲಿ ಗೆದ್ದ ಸೇನಾಪತಿಯ ಠೀವಿ ಇತ್ತು. ಗೇಟಿನ ಹತ್ತಿರ ಬಂದು ನಿಂತುಬಿಟ್ಟ.

ಸ್ಪಿಂಕನ ಮನೆಯ ಮುಂದಿನ ಬೇಲಿಯಲ್ಲಿ ಒಂದು ನವಿಲಿತ್ತು. ಹಸಿರು ಗಿಡವನ್ನೇ ವರ್ಷಗಟ್ಟಲೆ ಕತ್ತರಿಸಿ, ತಂತಿ ಕಟ್ಟಿ, ಬಗ್ಗಿಸಿ ಬೆಳೆಸಿದ ನವಿಲು. ಕೊಕ್ಕಿತ್ತು, ಜುಟ್ಟಿತ್ತು, ಗೇಟಿನಿಂದ ಮೂಲೆಯ ತನಕ ಹಾಸಿದ ಬಾಲವಿತ್ತು. ಹಾದಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಈಗ ಬಾಲವಿರಲಿಲ್ಲ. ಬೇಲಿಯ ಮೇಲೆ ಒಂದು ದಪ್ಪ ಹೇಂಟೆ ಕೂತಿತ್ತು. ಪಕ್ಕದಲ್ಲಿ ಏಣಿಯ ಮೇಲೆ ಕತ್ತರಿ ಹಿಡಿದ ಮೊಫಟ್ ಮೇಷ್ಟ್ರು.

"ಬಾಲ ಸ್ವಲ್ಪ ಉದ್ದ ಇತ್ತು," ಎಂದರು ಮೊಫಟ್. ಅವರ ದನಿ ಯಾಕೋ ನಡುಗುತ್ತಿತ್ತು. "ನನ್ನ ಕಡೆ ಬರ್ತಿತ್ತು. ಸಮ ಮಾಡಿದೆ."

ಸ್ಪಿಂಕ್ ಬಾಯಿ ತೆರೆದ. ಮುಖ ಬೀಟ್‌ರೂಟಾಯಿತು, ಆಮೇಲೆ ಬೀಟ್‌ರೂಟಿಗೂ ಇರದ ಬಣ್ಣಕ್ಕೆ ಹೋಯಿತು. ಕಿಟಕಿಯ ಪರದೆಯ ಹಿಂದೆ ಮುರಿಯಲ್ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಿದ್ದಳು. ಎದುರು ಮನೆಯವರು ಒಂದೇ ಹಾಲಿನ ಬಾಟಲಿಯನ್ನು ತೆಗೆದುಕೊಳ್ಳಲು ಇಬ್ಬರು ಹೊರಗೆ ಬಂದು ನಿಂತಿದ್ದರು. ಇಡೀ ಬೀದಿ ಕಿವಿಯಾಗಿತ್ತು.

"ಥ್ಯಾಂಕ್ಸ್ ಮೇಷ್ಟ್ರೇ," ಎಂದ ಸ್ಪಿಂಕ್. "ನನಗೆ ಕೆಲಸ ಉಳಿಸಿದ್ರಿ."

ಒಳಗೆ ಹೋಗಿ ಕೋಟಿನ ತೋಳನ್ನು ಬಾಯಿಗೆ ತುರುಕಿಕೊಂಡು ಮೆಟ್ಟಿಲ ಕೆಳಗಿನ ಕತ್ತಲಲ್ಲಿ ಸ್ವಲ್ಪ ಹೊತ್ತು ನಿಂತಿದ್ದ. ಹೊರಗೆ ಮೊಫಟ್ ಏಣಿಯ ಮೇಲೆ ಮುಖ ಒರೆಸಿಕೊಳ್ಳುತ್ತಿದ್ದರು. ಮಳೆಯ ನೀರು ಎಂದು ಯಾರಾದರೂ ತಿಳಿಯಬಹುದಿತ್ತು.

ಸಂಜೆ ಒಳ್ಳೆಯ ಅಂಗಿ ಹಾಕಿಕೊಂಡು ಮುರಿಯಲಳ ಜೊತೆ ಕುಂಟ ಹೆಬ್ಬಾತಿಗೆ ಹೊರಟ. ಊರೆಲ್ಲ ಅಲ್ಲೇ ಇತ್ತು. ಒಲೆಯಲ್ಲಿ ಕಟ್ಟಿಗೆ ಚಟಚಟ ಎನ್ನುತ್ತಿತ್ತು. ಡೋರೀನ್ ಅವನಿಗೆ ಬಾಗಿಲ ಬಳಿಯ ಚಾಪೆಯ ಮೇಲೆ ನಿಲ್ಲಲು ಹೇಳಿದಳು. ಗಂಟೆ ಹೊಡೆಯುವ ತನಕ ಅದೇ ಗಡಿ. ಆದರೆ ತವರದ ಮಗ್ಗನ್ನು ಉಜ್ಜಿ ಬೆಳಗಿ, ಅಂಚಿನವರೆಗೆ ತುಂಬಿ, ಅವನಿಗೆ ಕಾಣುವ ಹಾಗೆ ಕೌಂಟರಿನ ಮೇಲೆ ಇಟ್ಟಿದ್ದಳು. ನೊರೆ ನಿಧಾನವಾಗಿ ಇಳಿಯುತ್ತಿತ್ತು. ಗಂಟೆಯ ಹಗ್ಗ ಅವಳ ತಲೆಯ ಪಕ್ಕದಲ್ಲೇ ತೂಗುತ್ತಿತ್ತು. ಇನ್ನೇನು, ಕೆಲವು ನಿಮಿಷ.

ಬಾಗಿಲು ತೆರೆಯಿತು. ಬಾಗಿಲಿಗಿಂತ ಎತ್ತರದ ಒಬ್ಬ ಮನುಷ್ಯ ತಲೆ ಬಗ್ಗಿಸಿ ಒಳಗೆ ಬಂದ. ಕಂಕುಳಲ್ಲಿ ಸುರುಳಿ ಸುತ್ತಿದ ನಕ್ಷೆಗಳು. ಎಲ್ಲರಿಗೂ ನಮಸ್ಕಾರ ಹೇಳಿದ, ಚಾಪೆಯ ಮೇಲಿದ್ದ ಸ್ಪಿಂಕನನ್ನು ದಾಟಿ ಹೋದ, ನೇರವಾಗಿ ಹೋಗಿ ಸ್ಪಿಂಕನ ಸ್ಟೂಲಿನ ಮೇಲೆ ಕೂತ. ಅಪ್ಪನ ತಗ್ಗಿನಲ್ಲಿ. ಉದ್ದ ಕಾಲುಗಳನ್ನು ಒಲೆಯ ಕಡೆ ಚಾಚಿದ.

ಮೊಫಟ್ ಸ್ಪಿಂಕನ ಕಿವಿಯಲ್ಲಿ ಅವನು ಯಾರೆಂದು ಹೇಳಿದರು. ಪಬ್ಬಿನ ಕಟ್ಟಡ ಬಿಯರ್ ಕಂಪನಿಯದು. ಆ ಕಂಪನಿಯನ್ನು ಈಚೆಗೆ ಹಾಲೆಂಡಿನವರು ಕೊಂಡಿದ್ದರು. ಇವನು ಅವರ ಕಡೆಯ ಯೋಸ್ಟ್. ಸ್ಪಿಂಕ್ ಹೊರಗಿದ್ದ ವಾರಗಳಲ್ಲಿ ಇವನು ಮತ್ತೆ ಮತ್ತೆ ಬಂದು ಹೋಗಿದ್ದ. ಸ್ಪಿಂಕನಿಗೆ ಯಾರೂ ಹೇಳಿರಲಿಲ್ಲ. ಬೆಕ್ಸ್‌ಬಿಯಲ್ಲಿ ಕೆಟ್ಟ ಸುದ್ದಿಯನ್ನು ಹವಾಮಾನದ ಮಾತಿನ ಕೆಳಗೆ ಮುಚ್ಚಿಡುವುದು ವಾಡಿಕೆ.

ಯೋಸ್ಟ್ ನಕ್ಷೆ ಬಿಚ್ಚಿದ. ಸೋಮವಾರ ಕೆಲಸದವರು ಬರುತ್ತಾರೆ ಎಂದ. ಈ ಒಲೆಯನ್ನು ಕಿತ್ತು ಅಲ್ಲೊಂದು ಗಾಜಿನ ಪೆಟ್ಟಿಗೆ ಇಡುತ್ತಾರೆ, ಅದರೊಳಗೆ ಬೆಂಕಿಯ ಚಿತ್ರ ಉರಿಯುತ್ತಿರುತ್ತದೆ, ಹೊಗೆಯಿಲ್ಲ, ಬೂದಿಯಿಲ್ಲ. ಹಳೆಯ ಸ್ಟೂಲುಗಳ ಬದಲು ನೆಲಕ್ಕೆ ಬೋಲ್ಟು ಹಾಕಿದ ಪ್ಲಾಸ್ಟಿಕ್ ಆಸನಗಳು. ಗೂಟಗಳಿದ್ದ ಗೋಡೆಯ ಮೇಲೆ ದೊಡ್ಡ ಟಿವಿ.

"ಹಿಂದೆ ಕೇಳಿದಾಗ ನೀವೆಲ್ಲ ಬಹಳ ಇಷ್ಟಪಟ್ಟಿರಿ. ಆದರೂ ಕಡೆಯ ಬಾರಿ ಕೇಳ್ತೀನಿ. ಯಾರಿಗಾದರೂ ಆಕ್ಷೇಪಣೆ ಇದೆಯಾ?" ಎಂದು ಪೆನ್ನು ತೆಗೆದ.

ಮೊಫಟ್ ಗಂಟಲು ಸರಿಮಾಡಿಕೊಂಡು, ಒಂದು ರೀತಿಯಲ್ಲಿ ತುಂಬಾ ಹೊಸತನವಿದೆ ಎಂದರು. ಮಿಸೆಸ್ ಪಿಕರ್ಸ್‌ಗಿಲ್ ಗಾಜು ಒರೆಸಲು ಸುಲಭ ಎಂದಳು. ಹಿಂದಿನಿಂದ ಯಾರೋ ಪರವಾಗಿಲ್ಲ ಎಂದರು. ಯೋಸ್ಟ್ ಪ್ರತಿಯೊಂದನ್ನೂ ಬರೆದುಕೊಂಡು, ಎಲ್ಲರಿಗೂ ಸಂತೋಷ ಎಂದು ಓದಿದ. ಹಾಗೆ ಹೇಳಿದವರೆಲ್ಲ ಮೆಲ್ಲನೆ ಕುತ್ತಿಗೆ ತಿರುಗಿಸಿ ಚಾಪೆಯ ಮೇಲಿದ್ದ ಸ್ಪಿಂಕನನ್ನು ನೋಡಿದರು.

ಸ್ಪಿಂಕ್ ಒಳಗೊಳಗೇ ನಕ್ಕ. ಬಹಳ ಜಾಣತನದ ಪರೀಕ್ಷೆ, ಎಂದುಕೊಂಡ. ಕೊನೆಯ ಪ್ರಶ್ನೆಗೆ ಪಕ್ಕದ ಊರಿನ ನಾಟಕದ ಮಂಡಳಿಯಿಂದ ಆಳನ್ನೇ ಕರೆಸಿದ್ದಾರೆ. ಗಾಜಿನ ಪೆಟ್ಟಿಗೆಯಲ್ಲಿ ಬೆಂಕಿಯಂತೆ. ಯಾರಾದರೂ ನಂಬುವ ಮಾತೇ?

"ನಿಮ್ಮ ಅಭಿಪ್ರಾಯ?" ಎಂದ ಯೋಸ್ಟ್ ಅವನ ಕಡೆ ತಿರುಗಿ.

"ಬಹಳ ಚೆನ್ನಾಗಿದೆ," ಎಂದ ಸ್ಪಿಂಕ್, ಎದೆಯುಬ್ಬಿಸಿ. "ಸ್ಟೂಲನ್ನೂ ಒಡೆದು ಒಲೆಗೆ ಹಾಕಿ."

ಮೊಫಟ್ ಕುರ್ಚಿಯಲ್ಲಿ ಕುಸಿದರು. ಮುರಿಯಲ್ ಮುಖ ಮುಚ್ಚಿಕೊಂಡಳು. ಯೋಸ್ಟ್ ಸಂತೋಷದಿಂದ ಅದನ್ನೂ ಬರೆದುಕೊಂಡು ಕಾಗದವನ್ನು ಡೋರೀನಳ ಮುಂದೆ ಸರಿಸಿ, ಸಹಿ ಹಾಕುವ ಜಾಗ ತೋರಿಸಿದ. ಡೋರೀನ್ ಪೆನ್ನು ತೆಗೆದುಕೊಂಡಳು. ಬಗ್ಗಿದಳು. ಅವಳ ಮೂಗಿನ ತುದಿಯಿಂದ ಒಂದು ಹನಿ ಕಾಗದದ ಮೇಲೆ ಬಿತ್ತು.

ಸ್ಪಿಂಕನ ನಗು ಹಾಗೇ ಹೆಪ್ಪುಗಟ್ಟಿತು. ಡೋರೀನ್ ಟ್ಯೂಕ್ ಗಂಡನನ್ನು ಮಣ್ಣು ಮಾಡಿದ ದಿನವೂ ಅತ್ತವಳಲ್ಲ. ಅವತ್ತು ಸ್ಮಶಾನದ ಬಾಗಿಲಲ್ಲಿ ನಿಂತು, ಜನ ಚೆನ್ನಾಗಿ ಸೇರಿದ್ದರು, ಸ್ಯಾಂಡ್‌ವಿಚ್ ಉಳಿಯಲಿಲ್ಲ ಎಂದಿದ್ದಳು. ನಾಟಕಕ್ಕೆ ಕಣ್ಣೀರು ಹಾಕುವ ಹೆಂಗಸು ಇದಲ್ಲ. ಅಂದರೆ ಇದು ಪರೀಕ್ಷೆಯಲ್ಲ. ಸೋಮವಾರ ನಿಜವಾಗಿಯೂ ಬರುತ್ತದೆ.

ಅವನು ಗಂಟೆಯ ಹಗ್ಗ ನೋಡಿದ. ಮಗ್ಗು ನೋಡಿದ. ನೊರೆ ಇನ್ನೂ ಒಂದು ಬೆರಳು ಉಳಿದಿತ್ತು. ಇನ್ನು ಒಂದಿಷ್ಟು ಹೊತ್ತು ತುಟಿ ಬಿಗಿಹಿಡಿದರೆ ಸ್ಟೂಲು ಅವನದು, ಭಾನುವಾರದ ಮಟ್ಟಿಗೆ. ಬೆಳಗಿನಿಂದ ನುಂಗಿದ್ದೆಲ್ಲ ಹೊಟ್ಟೆಯಲ್ಲಿ ಒಟ್ಟಿಗೆ ಎದ್ದು ನಿಂತಿತು.

"ಏಳಯ್ಯಾ ಮೇಲೆ!"

ಮಗ್ಗುಗಳು ನಡುಗಿದವು. ನಾಯಿ ಎದ್ದು ಹೊರಗೆ ಹೋಯಿತು. ಸ್ಪಿಂಕ್ ಚಾಪೆ ದಾಟಿದ್ದ.

"ಅದು ನಮ್ಮಪ್ಪನ ಸ್ಟೂಲು. ಬೆಳಿಗ್ಗೆ ಸೀಮೆಸುಣ್ಣದಂಥ ಮೊಟ್ಟೆ ಕೊಟ್ರು, ಚೆನ್ನಾಗಿದೆ ಅಂದೆ. ಅಂಚೆ ಕಚೇರೀಲಿ ನನ್ನನ್ನ ಬಾಗಿಲ ಥರ ತಳ್ಕೊಂಡು ಹೋದ್ರು, ಪೆಪ್ಪರ್‌ಮಿಂಟು ತಿಂದೆ. ಮಗು ಥರ ಸಾಕಿದ ನವಿಲಿನ ಬಾಲ ಕತ್ತರಿಸಿದ್ರು, ಥ್ಯಾಂಕ್ಸ್ ಅಂದೆ. ಇನ್ನು ಸಾಕು. ಬೆಂಕಿ ಚಿತ್ರ ತೋರಿಸಿ ಒದ್ದೆ ಸಾಕ್ಸ್ ಒಣಗಿಸ್ತೀಯೇನಯ್ಯಾ ನೀನು? ನಡುರಾತ್ರಿ ಕುರಿ ಹುಡುಕಿ ಬಂದೋನು ಟಿವಿಗೆ ಕೈ ಚಾಚಬೇಕಾ? ಇಲ್ಲಿ ಒಬ್ಬರಿಗೂ ನಿನ್ನ ಪ್ಲಾನು ಬೇಡ. ಚೆನ್ನಾಗಿದೆ ಅಂದೋರಿಗೂ ಬೇಡ. ಅವರಿಗೇ ಎಲ್ಲರಿಗಿಂತ ಬೇಡ. ಅದನ್ನ ಹೇಳೋಕೆ ಬಾಯಿ ಬರದೆ ಈ ಊರು ಸತ್ತೇ ಹೋಗುತ್ತೆ, ಸತ್ತ ಮೇಲೂ ನಿಂಗೆ ಥ್ಯಾಂಕ್ಸ್ ಹೇಳುತ್ತೆ!"

ಅವನಿಗೆ ಉಸಿರು ಮುಗಿಯಿತು. ಎಲ್ಲರೂ ಚಾವಣಿ ನೋಡುತ್ತಿದ್ದರು.

ಯೋಸ್ಟ್ ಸಿಟ್ಟಾಗಲಿಲ್ಲ. ತಲೆಯಾಡಿಸುತ್ತ ಅಷ್ಟನ್ನೂ ಬರೆದುಕೊಳ್ಳುತ್ತಿದ್ದ.

"ಕ್ಷಮಿಸಿ, ಮೊಟ್ಟೆ ನಮ್ಮ ಕಂಪನಿದಾ?"

"ಅಲ್ಲ. ನನ್ನ ಹೆಂಡತಿದು."

"ನವಿಲು?"

"ನಂದು."

ಯೋಸ್ಟ್ ಅವೆರಡಕ್ಕೂ ಗೆರೆ ಎಳೆದ. "ಹಾಗಾದರೆ ಉಳಿದದ್ದು ಒಲೆ, ಸ್ಟೂಲು, ಟಿವಿ. ಮೂರೂ ಬೇಡ. ಸರಿ." ಪೆನ್ನಿನ ಮುಚ್ಚಳ ಹಾಕಿ ಸುತ್ತಲೂ ನೋಡಿದ. ಅವನ ಮುಖದಲ್ಲಿ ನಿಜವಾದ ಗೊಂದಲವಿತ್ತು. "ಅಲ್ಲಾ, ಇದನ್ನ ಮೊದಲೇ ಹೇಳೋದಲ್ವಾ? ಪ್ರತಿ ಸಲ ಹಡಗು ಹತ್ತಿ ಬಂದಿದ್ದೀನಿ. ನಮ್ಮಮ್ಮ ತಿಂಡಿಗೆ ಮುಂಚೇನೇ ನನಗೆ ಇದಕ್ಕಿಂತ ಜೋರಾಗಿ ಬಯ್ತಾಳೆ."

ಡೋರೀನಳ ಮುಂದಿನಿಂದ ಕಾಗದ ಎತ್ತಿ, ನಾಲ್ಕಾಗಿ ಹರಿದು, ಒಲೆಗೆ ಹಾಕಿದ. ನಕ್ಷೆಯನ್ನೂ ಹಾಕಿದ. ಅದು ಬಹಳ ಚೆನ್ನಾಗಿ ಉರಿಯಿತು. ಹಿತ್ತಲ ಗೋಡೆ ಮತ್ತು ಪಬ್ಬಿನ ಹೆಸರಿನ ವಿಷಯ ಉಳಿದಿದೆ, ಅದಕ್ಕೆ ವಸಂತದಲ್ಲಿ ಬರುತ್ತೇನೆ ಎಂದ.

ಬೆಕ್ಸ್‌ಬಿಯ ಜನ ಜಯಘೋಷ ಮಾಡುವವರಲ್ಲ. ಆದರೂ ಹಿಂದೆ ಯಾರೋ ಒಮ್ಮೆ ಚಪ್ಪಾಳೆ ತಟ್ಟಿ ನಾಚಿಕೊಂಡರು. ಮೊಫಟ್ ಎದ್ದು ಬಂದು ಸ್ಪಿಂಕನ ಕೈ ಕುಲುಕಿ, ಬಿಡಲು ಮರೆತರು. ಮಿಸೆಸ್ ಪಿಕರ್ಸ್‌ಗಿಲ್ ಅವನ ಜೇಬಿಗೆ ಇಡೀ ಪೆಪ್ಪರ್‌ಮಿಂಟಿನ ಡಬ್ಬಿ ಇಟ್ಟಳು. ಮುರಿಯಲ್ ಮಾತ್ರ ಗಟ್ಟಿಯಾಗಿ ಅಳುತ್ತ, ನಾಳೆಯಿಂದ ಮೊಟ್ಟೆ ಮೆತ್ತಗಿರುತ್ತೆ ಕ್ಲಿಫರ್ಡ್ ಎಂದಳು. ಸ್ಪಿಂಕ್ ಊರ ಜನರ ಮಧ್ಯೆ ನಿಂತಿದ್ದ. ಅವನ ಎದೆ ಬೆಳಗಿನಿಂದ ಮೊದಲ ಸಲ ಹಗುರಾಗಿತ್ತು. ಕೌಂಟರಿನ ಕಡೆ ಕೈ ಚಾಚಿದ.

ಡೋರೀನ್ ಮಗ್ಗಿನ ಮೇಲೆ ಕೈ ಇಟ್ಟಳು. ಕಣ್ಣು ಒರೆಸಿಕೊಂಡಾಗಿತ್ತು.

"ಕ್ಲಿಫ್," ಎಂದಳು ಮೃದುವಾಗಿ. "ಗಂಟೆ ಇನ್ನೂ ಹೊಡೆದಿಲ್ಲ."

ಪಬ್ಬಿನಲ್ಲಿದ್ದವರೆಲ್ಲ ತಮ್ಮ ಬೂಟುಗಳನ್ನು ನೋಡಿಕೊಂಡರು. ಅದು ಅನ್ಯಾಯ ಎಂದು ಎಲ್ಲರಿಗೂ ಅನಿಸಿತು. ನಿಯಮ ಎಂದರೆ ನಿಯಮ ಎಂದೂ ಅನಿಸಿತು. ಮೊಫಟ್ ಒಮ್ಮೆ ಕೆಮ್ಮಿದರು. ಡೋರೀನ್ ಬಾಗಿಲು ತೋರಿಸಿದಳು. ಸ್ಪಿಂಕ್ ಹೊರಗೆ ಬಂದ. ಅವನ ಬೆನ್ನ ಹಿಂದೆ ಗಂಟೆ ಹೊಡೆಯಿತು.

ಹೊರಗೆ ಕಿಟಕಿಯ ಕೆಳಗೊಂದು ಒದ್ದೆ ಬೆಂಚು. ಅದರ ಮೇಲೆ ಕೂತ. ಸ್ವಲ್ಪ ಹೊತ್ತಿಗೆ ಕಿಟಕಿ ತೆರೆಯಿತು. ಡೋರೀನಳ ಕೈ ತವರದ ಮಗ್ಗಿನ ಜೊತೆ ಹೊರಗೆ ಬಂತು.

"ಒಳಗೆ ಬರೋ ಹಾಗಿಲ್ಲ. ಹೊರಗೆ ಕುಡಿಯೋಕೆ ನಿಯಮ ಅಡ್ಡ ಇಲ್ಲ," ಎಂದಳು. ಆಮೇಲೆ ಕಿಟಕಿಗೆ ಒರಗಿ ಎಲ್ಲವನ್ನೂ ಹೇಳಿದಳು. ಆ ಎತ್ತರದ ಮನುಷ್ಯನಿಗೆ ಬೇಡ ಎನ್ನಲು ಊರಲ್ಲಿ ಯಾರಿಗೂ ಬಾಯಿ ಬಂದಿರಲಿಲ್ಲ. ಅವಳೇ ಪ್ರಯತ್ನಿಸಿ, ಒಂದೆರಡು ಸಣ್ಣ ಅನುಮಾನ ಇದೆ ಎಂದಿದ್ದಳು. ಸಣ್ಣದಾದರೆ ಒಳ್ಳೆಯದು ಎಂದಿದ್ದ ಅವನು.

"ಕೂಗು ಅಂತ ನಂಗೆ ಹೇಳಿದ್ರೆ ಕೂಗ್ತಿರಲಿಲ್ವಾ?" ಎಂದ ಸ್ಪಿಂಕ್.

"ಹೋದ ವರ್ಷ ಊರಿಗೆ ಬಸ್ಸು ಕಮ್ಮಿ ಮಾಡಿದ್ದಕ್ಕೆ ಆಫೀಸರನ್ನ ಬಯ್ಯಿ ಅಂತ ಕಳಿಸಿದ್ವಲ್ಲ, ಏನ್ಮಾಡ್ದೆ? ಕೈ ಕುಲುಕಿ ಬಂದೆ. ನೀನು ಹೇಳಿಸ್ಕೊಂಡು ಕೂಗೋನಲ್ಲ ಕಣಪ್ಪಾ. ಮುಚ್ಚಳ ಹಾಕಿ ಕೆಳಗೆ ಉರಿ ಹಚ್ಚಬೇಕು. ಮುಚ್ಚಳ ನಾನು ಹಾಕಿದೆ. ಉರಿ ಹಚ್ಚೋಕೆ ಎಲ್ಲರೂ ಕೈ ಹಾಕಿದ್ರು. ಪಾಪ ಮೊಫಟ್, ಆ ಬಾಲ ಕತ್ತರಿಸಿ ಮಧ್ಯಾಹ್ನ ಊಟ ಮಾಡಲಿಲ್ಲ."

ಸ್ಪಿಂಕ್ ಮಗ್ಗಿನೊಳಗೆ ನೋಡಿದ. ಮಳೆಹನಿ ಅದರಲ್ಲಿ ಸಣ್ಣ ಗುಳಿ ಮಾಡುತ್ತಿತ್ತು.

"ವಸಂತದಲ್ಲಿ ಮತ್ತೆ ಬರ್ತಾನಂತೆ," ಎಂದಳು ಡೋರೀನ್, ಬೇರೆ ಕಡೆ ನೋಡುತ್ತ. "ಅಲ್ಲೀ ತನಕ ಎತ್ತರದ ಮಾತು ಆಡದೆ ಇದ್ರೆ, ಸ್ಟೂಲು ಖಂಡಿತ ನಿಂದೇ."

ಸ್ಪಿಂಕನಿಗೆ ಅರ್ಥವಾಯಿತು. ವಸಂತಕ್ಕೆ ಹಿತ್ತಲ ಗೋಡೆ, ಅದಾದ ಮೇಲೆ ಇನ್ನೊಂದು. ಪ್ರತಿ ಸಲ ಮುಚ್ಚಳ, ಪ್ರತಿ ಸಲ ಉರಿ, ಪ್ರತಿ ಸಲ ಗಂಟೆಗೆ ಸ್ವಲ್ಪ ಮುಂಚೆ. ಸ್ಟೂಲಿನ ಮೇಲೆ ಕೂತು ತಣ್ಣಗಾದ ಸ್ಪಿಂಕ್ ಈ ಊರಿಗೆ ಬೇಕಾಗಿಲ್ಲ. ಅವನ ಎದೆಯಲ್ಲಿ ಏನೋ ಏರಿತು, ಗಂಟಲಿಗೆ ಬಂತು, ನಾಲಿಗೆಯ ತುದಿಗೆ ಬಂತು. ಇಡೀ ದಿನ ಬಂದದ್ದಕ್ಕಿಂತ ದೊಡ್ಡದು. ಕಿಟಕಿಯ ಒಳಗೆ ಕಣ್ಣು ಹಾಯಿಸಿದ. ಹಿಂತಿರುಗುವ ಬಸ್ಸು ತಪ್ಪಿಸಿಕೊಂಡ ಯೋಸ್ಟ್ ಸ್ಟೂಲಿನ ತಗ್ಗಿನಲ್ಲಿ ಹಾಯಾಗಿ ಕೂತು, ಉರಿಯುವ ಒಲೆಗೆ ಒದ್ದೆ ಸಾಕ್ಸು ಚಾಚಿದ್ದ. ಮಿಸೆಸ್ ಪಿಕರ್ಸ್‌ಗಿಲ್ ಅವನಿಗೆ ಈರುಳ್ಳಿ ಚಿಪ್ಸು ಕೊಡುತ್ತಿದ್ದಳು. ಅವನು ಸ್ಪಿಂಕನನ್ನು ಕಂಡು ಸ್ನೇಹದಿಂದ ಗ್ಲಾಸು ಎತ್ತಿದ. ಒಲೆಯ ಹೊಗೆ ಚಿಮಣಿಯಿಂದ ಹೊರಟು ಮಳೆಯಲ್ಲಿ ಸೊಗಸಾಗಿ ಮೇಲೇರುತ್ತಿತ್ತು.

"ಅಲ್ಲಿ ತೀರಾ ಒದ್ದೆ ಆಗ್ತಿಲ್ಲ ತಾನೇ ಕ್ಲಿಫ್?" ಎಂದಳು ಡೋರೀನ್.

ಸ್ಪಿಂಕ್ ಏರಿ ಬಂದದ್ದನ್ನು ಒಂದು ಗುಟುಕು ಬಿಯರಿನ ಜೊತೆ ನುಂಗಿದ. ಮಗ್ಗನ್ನು ಯೋಸ್ಟನ ಕಡೆ ಎತ್ತಿದ.

"ಬಹಳ ಚೆನ್ನಾಗಿದೆ," ಎಂದ.